ಆಟೋದ ಬೆನ್ನ ಮೇಲೆ ಅಮ್ಮನ ಮಾತು

ಈಗಲೂ ಪೇಂಟಿನ ವಾಸನೆ ಮೂಗಿಗೆ ಬಡಿದರೆ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ಬಾಡಿಗೆ ಆಟೋ ಓಡಿಸುತ್ತಿದ್ದ ಅಪ್ಪ, ಕುಂಬಾರಕೊಪ್ಪಲಿನ ನಮ್ಮ ಮನೆಗೆ ಸ್ವಂತ ಆಟೋ ತಂದ ಮಧ್ಯಾಹ್ನವದು. ಪೇಂಟರ್ ಬ್ರಷ್ ಅದ್ದಿಕೊಂಡು, "ಹಿಂದ್ಗಡೆ ತಾಯಿಯ ಆಶೀರ್ವಾದ ಅಂತ್ಲೇ ಬರೀಲಾ? ಎಲ್ರೂ ಅದನ್ನೇ ಬರೆಸ್ತಾರೆ" ಎಂದ. ಅಪ್ಪ ಒಪ್ಪಲಿಲ್ಲ. ದಿನಾ ಬೆಳಿಗ್ಗೆ ಅಮ್ಮ ಬಾಗಿಲಲ್ಲಿ ನಿಂತು ಹೇಳುತ್ತಿದ್ದುದನ್ನೇ ಬರೆಸಿದರು: "ಲೇಟಾದ್ರೂ ಸರಿ, ಮನೆಗ್ ಬಂದ್ಬುಡಿ."

"ಅಯ್ಯೋ, ಮನೆ ಮಾತು ಬೀದಿಗ್ಯಾಕ್ರೀ!" ಎಂದು ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಬಣ್ಣ ಆರಿದ ಮೇಲೆ ಮೂವರೂ ಇಲವಾಲದ ಕಡೆ ಹೊರಟೆವು. ದಾರಿಯುದ್ದಕ್ಕೂ ಹಾರನ್ ಬಾರಿಸುತ್ತಾ ಬೆನ್ನು ಹತ್ತಿದ್ದ ಸ್ಕೂಟರಿನವನು ಸಿಗ್ನಲ್‌ನಲ್ಲಿ ನಮ್ಮ ಆಟೋ ಹಿಂದಿನ ಬರಹವನ್ನು ಗಟ್ಟಿಯಾಗಿ ಓದಿದ. ಆಮೇಲೆ ಹಾರನ್ ಕೇಳಿಸಲಿಲ್ಲ.

ಅಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು; ಪಕ್ಕದಲ್ಲಿ ನಾನೂ ಹಾಗೇ ಕೂತೆ. "ನನ್ ಮಾತು ಊರೇ ಕೇಳ್ತದೆ ಕಣ್ರೀ, ನೀವೊಬ್ರೇ ಕೇಳಲ್ಲ."

ಹಸಿರು ದೀಪ ಬಂತು. ಅಪ್ಪ ನಿಧಾನವಾಗಿ ಹೊರಟರು.