ಯಾರ ಕೈ?

ಬನಹಟ್ಟಿಯ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಯುವ ಹೆಂಗಸರು ಮುಂಗೈಗೆ ತಂತಿಯ ಪಟ್ಟಿ ಕಟ್ಟಿಕೊಂಡು ಕೂತರೆ ಸಾಕಿತ್ತು. ಕಂಪನಿಯ ಕರೆಂಟು ಅವರ ಕೈಗಳನ್ನು ಆಡಿಸುತ್ತಿತ್ತು; ಅವರು ಸಂಜೆಯವರೆಗೆ ಹರಟುತ್ತಲೋ ತೂಕಡಿಸುತ್ತಲೋ ಇರುತ್ತಿದ್ದರು. ದ್ರಾಕ್ಷಾಯಣಿಯೂ ಹಾಗೆಯೇ ಇದ್ದಳು, ಬಟ್ಟೆ ಕತ್ತರಿಸುವ ಯಂತ್ರ ಅವಳ ಬಲತೋಳಿನ ನರವನ್ನು ಕಡಿದುಹಾಕುವವರೆಗೆ.

ಗಾಯ ಮಾದ ಮೇಲೆ ಕಂಪನಿಯ ಡಾಕ್ಟರು ಜೋತುಬಿದ್ದ ಆ ಕೈಗೆ ತಂತಿ ಅಂಟಿಸಿ ಗುಂಡಿ ತಿರುಗಿಸಿದರು. ಮಣಿಕಟ್ಟು ಎದ್ದಿತು, ಬೆರಳುಗಳು ಬಿಚ್ಚಿಕೊಂಡವು.

"ಸ್ನಾಯು ಚೆನ್ನಾಗಿದೆ. ನಾಳೆಯಿಂದ ಕೆಲಸಕ್ಕೆ ಬಾಮ್ಮ."

"ಕರೆಂಟ್ ತಗೀರಿ, ನೋಡೂಣು," ಎಂದಳು. ತೆಗೆದರು. ಕೈ ಮತ್ತೆ ಜೋತುಬಿತ್ತು. "ಕೂಸಿನ ಬಾಯಿಗೆ ತುತ್ತು ಇಡಾಕ ಬರವಲ್ದು. ಮೊದಲ ನರಾ ಹೊಲಿಸಿ ಕೊಡ್ರಿ."

"ನರ ಹೊಲಿದ್ರೆ ಅದು ಕೂಡೋವರೆಗೆ ವರ್ಷಗಟ್ಟಲೆ ಪಟ್ಟಿ ಕಟ್ಟೋ ಹಾಗಿಲ್ಲ. ಕಂಪನಿ ಒಪ್ಪಲ್ಲ. ಅವರಿಗೆ ಬೇಕಾಗಿರೋದು ಸ್ನಾಯು ಅಷ್ಟೇ."

ದ್ರಾಕ್ಷಾಯಣಿಗೆ ಮೈಯೆಲ್ಲ ಉರಿದುಹೋಯಿತು. ತಂತಿಯನ್ನು ಎಡಗೈಯಿಂದ ಕಿತ್ತು ಡಾಕ್ಟರ ಮುಂಗೈಗೆ ಅಂಟಿಸಿ, ಅವರು ಏನೆಂದು ತಿಳಿಯುವಷ್ಟರಲ್ಲಿ ಗುಂಡಿ ತಿರುಗಿಸಿಬಿಟ್ಟಳು. ಅವರ ಬೆರಳುಗಳು ಪೆನ್ನು ಬಿಟ್ಟು ಸೆಟೆದವು.

"ಏ, ತೆಗಿಯಮ್ಮ! ನನ್ನ ಕೈ!"

"ನಿಮ್ಮ ಕೈಯೇನ್ರಿ?" ದ್ರಾಕ್ಷಾಯಣಿ ಗುಂಡಿ ಇಳಿಸಿದಳು. "ಸ್ನಾಯು ಅಂದಿದ್ರಲ್ಲಾ ಈಗ? ನಿಮ್ಮದಾದ್ರ ಕೈ, ನನ್ನದಾದ್ರ ಬರೇ ಸ್ನಾಯು?"

ಡಾಕ್ಟರು ಮುಂಗೈ ಉಜ್ಜಿಕೊಂಡು, ಬಿದ್ದ ಪೆನ್ನು ಎತ್ತಿಕೊಂಡರು.

ಅಂದೇ ಅವಳನ್ನು ಕೆಲಸದಿಂದ ತೆಗೆದರು. ಜೋತುಬಿದ್ದ ಕೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ಇನ್ನೂ ಬೈಯುತ್ತಲೇ, ನರ ಹೊಲಿಯುವವರನ್ನು ಹುಡುಕಿಕೊಂಡು ಅವಳು ಹುಬ್ಬಳ್ಳಿಯ ಬಸ್ಸು ಹತ್ತಿದಳು.