ವಾದ್ಯವಿಲ್ಲದ ಹಾಡು

ರೇಡಿಯೊದ ಗುಂಡಿ ತಿರುಗಿಸಿದ ಮೇಲೂ ಹಾಡು ಅರ್ಧ ಸಾಲು ಮುಂದುವರಿಯಿತು.

“ಹಳೇದು ಸಾರ್, ಆರಿಸಿದ ತಕ್ಷಣ ಆರಲ್ಲ,” ಎನ್ನುತ್ತ ದರ್ಜಿ ಕತ್ತರಿಯನ್ನು ಮೇಜಿಗೆ ಎರಡು ಸಲ ಕುಟ್ಟಿದ. ಆಮೇಲೆ ಅಂಗಡಿ ಸದ್ದಿಲ್ಲದಾಯಿತು.

ಕಿವಿರಾಯ ನಗಲಿಲ್ಲ. ಕಚೇರಿಯಲ್ಲಿ ಅವನಿಗೆ ಆ ಅಡ್ಡಹೆಸರು ಸುಮ್ಮನೆ ಬಂದಿರಲಿಲ್ಲ. ಗಿರಾಕಿಗಳಿಗೆಂದು ಹಾಡು ಹಾಕುವ ಅಂಗಡಿ, ಹೋಟೆಲುಗಳವರು ಪರವಾನಗಿ ಪಡೆದಿದ್ದಾರೆಯೇ ಎಂದು ನೋಡುವುದು ಅವನ ಕೆಲಸ. ಪರವಾನಗಿ ಶುಲ್ಕದಲ್ಲಿ ಒಂದು ಪಾಲು ಹಾಡಿದವರಿಗೆ, ಇನ್ನೊಂದು ಪಾಲು ಹಾಡು ಮಾಡಿಸಿದ ನಿರ್ಮಾಪಕರಿಗೆ. ಫೋನನ್ನು ಹಾಡಿನತ್ತ ಹಿಡಿದರೆ ಸಾಕು, ಯಾವ ಧ್ವನಿಮುದ್ರಣ ಎಂದು ಕ್ಷಣದಲ್ಲಿ ಹೇಳಿಬಿಡುತ್ತಿತ್ತು.

ಈ ಬೀದಿಯಲ್ಲಿ ಮೂರು ದಿನದಿಂದ ಫೋನು ಸೋತಿತ್ತು. ಅಂಥ ಮುದ್ರಣವೇ ಇಲ್ಲವೆನ್ನುತ್ತಿತ್ತು. ಕಿವಿರಾಯನ ಕಿವಿ ಮಾತ್ರ ಸೋತಿರಲಿಲ್ಲ. ಅದು ಅವಳದೇ ಧ್ವನಿ, ಹನ್ನೊಂದು ವರ್ಷದ ಹಿಂದೆ ನದಿಯ ಪಾಲಾದ ಗಾಯಕಿಯದು. ದಡದಲ್ಲಿ ಅವಳ ಚಪ್ಪಲಿ ಸಿಕ್ಕ ಸುದ್ದಿ ಓದಿದ ದಿನ ಅವನು ಊಟ ಬಿಟ್ಟು ಅತ್ತಿದ್ದ. “ನಾನು ಸತ್ರೂ ನೀವು ಇಷ್ಟು ಅಳಲ್ಲ ಬಿಡಿ,” ಎಂದು ಹೆಂಡತಿ ಇವತ್ತಿಗೂ ಕಾಲೆಳೆಯುತ್ತಾಳೆ.

ಹಾಡಿಗೆ ವಾದ್ಯಗಳಿರಲಿಲ್ಲ. ಬರೀ ಧ್ವನಿ, ಜೊತೆಗೆ ಒಳಗಿನ ಹೊಲಿಗೆ ಯಂತ್ರದ ಕಟಕಟ. ವಾದ್ಯ ಸೇರಿಸುವ ಮೊದಲು ಸ್ಟುಡಿಯೊದಲ್ಲಿ ಹಾಡಿಸಿಕೊಳ್ಳುವ ಅಂಥ ಟೇಪು ಹೊರಗೆ ಬರುವುದೇ ಇಲ್ಲ. ದರ್ಜಿಯ ಟೇಪು-ರೇಡಿಯೊಗೆ ಬಂದಿದೆಯೆಂದರೆ ಅದು ಕಳ್ಳಮಾಲು. ಪರವಾನಗಿಯ ಮಾತು ಹಾಗಿರಲಿ, ಸತ್ತವಳ ಹಾಡನ್ನೇ ಲಪಟಾಯಿಸಿದ್ದಾನಲ್ಲ ಎಂದು ಕಿವಿರಾಯನಿಗೆ ಮೈಯೆಲ್ಲ ಉರಿಯಿತು. ಬದುಕಿದ್ದರೆ ತನ್ನ ಹಕ್ಕನ್ನು ತಾನೇ ಕೇಳುತ್ತಿದ್ದಳು. ಈಗ ಅವಳ ಪರವಾಗಿ ಯಾರಾದರೂ ನಿಲ್ಲಬೇಕು.

“ಒಳಗೆ ಯಾರು?”

“ನಮ್ಮಕ್ಕ ಸಾರ್. ಹೊಲಿಗೆ ಎಲ್ಲಾ ಅವಳದ್ದೇ. ಪಾಪ, ಮಾತು ಬರಲ್ಲ.”

ಪರದೆಯ ಕೆಳಗೆ ಯಂತ್ರದ ಪೆಡಲಿನ ಮೇಲೆ ಎರಡು ಪಾದಗಳು ಅಲುಗಾಡದೆ ಇದ್ದವು.

“ಈ ಟೇಪು ಎಲ್ಲಿಂದ ಬಂತು?”

ದರ್ಜಿ ಕೈ ಮುಗಿದ. “ದಮ್ಮಯ್ಯ ಅಂತೀನಿ ಸಾರ್. ದಂಡ ಎಷ್ಟಾದ್ರೂ ಹಾಕಿ, ಕಟ್ತೀನಿ. ಯಾರಿಗೂ ಹೇಳ್ಬೇಡಿ ಅಷ್ಟೇ.”

ದಂಡ ಕಡಿಮೆ ಮಾಡಿ ಎಂದು ಗೋಗರೆಯುವವರನ್ನು ಕಿವಿರಾಯ ಬೇಕಾದಷ್ಟು ನೋಡಿದ್ದ. ಎಷ್ಟಾದರೂ ಹಾಕಿ ಎನ್ನುವವನು ಇವನೊಬ್ಬನೇ. ಕಳ್ಳನ ಬಾಯಿಂದ ನಿಜ ತಾನಾಗಿಯೇ ಬಂತು ಎಂದುಕೊಂಡ. ಆದರೆ ಈಗ ಬೆದರಿಸಿದರೆ ಟೇಪು ಮಾಯವಾಗುತ್ತದೆ. ಅವನು ಮುಖದ ಗಂಟು ಸಡಿಲಿಸಿದ.

“ಹೋಗಲಿ ಬಿಡಪ್ಪಾ, ಸಣ್ಣ ಅಂಗಡಿ. ನಾನು ಏನೂ ಬರ್ಕೊಂಡಿಲ್ಲ. ನಿಶ್ಚಿಂತೆಯಿಂದ ಹಾಡು ಹಾಕ್ಕೋ.”

ದರ್ಜಿ ಕಣ್ಣೊರೆಸಿಕೊಂಡ. ಹಟ ಹಿಡಿದು ಕಿವಿರಾಯನ ಕೋಟು ಬಿಚ್ಚಿಸಿ ಒಳಗೆ ಕೊಟ್ಟ. ಹರಿದ ಜೇಬನ್ನು ಅಕ್ಕ ಹೊಲಿದು ಕಳಿಸಿದಳು. ಹೊಲಿಗೆ ಎಷ್ಟು ಒಪ್ಪವಾಗಿತ್ತೆಂದರೆ ಎಲ್ಲಿ ಹರಿದಿತ್ತೆಂದು ಹುಡುಕಿದರೂ ಸಿಗುತ್ತಿರಲಿಲ್ಲ. ಕಿವಿರಾಯನಿಗೆ ಒಂದು ಗಳಿಗೆ ಮುಜುಗರವಾಯಿತು.

ಬಿಡುಗಡೆಯಾಗದ ಟೇಪಿನ ಬಗ್ಗೆ ಕಿವಿರಾಯನ ಸಂಸ್ಥೆಯ ನಿಯಮ ಸ್ಪಷ್ಟವಾಗಿತ್ತು. ನಿರ್ಮಾಪಕರೇ ಸ್ಥಳಕ್ಕೆ ಬಂದು, ಕೇಳಿ, ತಮ್ಮದೆಂದು ಗುರುತಿಸಿ ಸಹಿ ಹಾಕಬೇಕು. ಅವಳ ಹಾಡುಗಳ ನಿರ್ಮಾಪಕ ಅವಳ ಗಂಡನೇ. ಅವಳು ಹೋದ ಮೇಲೆ ಎರಡು ಪಾಲೂ ಅವನದೇ ಕಿಸೆಗೆ ಹೋಗುತ್ತಿದ್ದವು. ವರ್ಷಕ್ಕೊಮ್ಮೆ ತಾನೇ ಕಚೇರಿಗೆ ಬಂದು, ವಾರಸುದಾರನ ಕಾಲಂನಲ್ಲಿ ಸಹಿ ಹಾಕುವಾಗ ಕರವಸ್ತ್ರ ಕಣ್ಣಿಗೊತ್ತಿಕೊಳ್ಳುತ್ತಿದ್ದ.

ಕಿವಿರಾಯ ಫೋನಿನಲ್ಲಿ ಹಿಡಿದಿಟ್ಟಿದ್ದ ಅರ್ಧ ನಿಮಿಷವನ್ನು ಅವನಿಗೆ ಕೇಳಿಸಿದ. ಈ ಸಲ ಕರವಸ್ತ್ರ ಹೊರಗೆ ಬರಲಿಲ್ಲ. ನಿರ್ಮಾಪಕ ಅದನ್ನೇ ಮತ್ತೆ ಹಾಕಿಸಿದ. ಇನ್ನೊಮ್ಮೆ ಹಾಕಿಸಿದ.

“ಎಲ್ಲಿ ಸಿಕ್ತು ಇದು?”

“ಒಬ್ಬ ದರ್ಜಿ ಅಂಗಡೀಲಿ ಸಾರ್. ಪೊಲೀಸರಿಗೆ ಹೇಳೋಣ್ವಾ?”

“ಪೊಲೀಸ್ರು ಯಾಕೆ? ನಾವಿಬ್ರೇ ಹೋಗಿ ಬರೋಣ. ಅವಳ ಧ್ವನಿ ಎಲ್ಲಿದ್ರೂ ನಂದೇ ತಾನೆ?” ಸ್ವಲ್ಪ ತಡೆದು ಕೇಳಿದ: “ಅಂಗಡಿಗೆ ಹಿಂಬಾಗಿಲು ಇದೆಯಾ?”

“ಇಲ್ಲ ಸಾರ್. ಇರೋದೊಂದೇ ಬಾಗಿಲು.”

“ಒಳ್ಳೇದಾಯ್ತು.”

ಕಳ್ಳ ತಪ್ಪಿಸಿಕೊಳ್ಳಬಾರದೆಂಬ ಎಚ್ಚರಿಕೆ ಎಂದು ಕಿವಿರಾಯ ಮೆಚ್ಚಿಕೊಂಡ. ಹೆಂಡತಿಯ ಮೇಲೆ ಇಷ್ಟು ಜೀವ ಇಟ್ಟುಕೊಂಡ ಗಂಡ ಎಲ್ಲಿ ಸಿಗುತ್ತಾನೆ ಎಂದೂ ಅನ್ನಿಸಿತು.

ದರ್ಜಿಯ ಭಯ ಆರಲೆಂದು ಎಂಟು ದಿನ ಬಿಟ್ಟು ಹೋದರು. ಮಧ್ಯಾಹ್ನದ ಬಿಸಿಲಿಗೆ ಬೀದಿ ಖಾಲಿಯಾಗಿತ್ತು. ಹಾಡು ಹೊರಗಿನವರೆಗೂ ಕೇಳುತ್ತಿತ್ತು, ಮೊದಲಿಗಿಂತ ನಿರಾಳವಾಗಿ. ಕಿವಿರಾಯನನ್ನು ಕಂಡು ದರ್ಜಿ ನಕ್ಕ. ಅವನ ಹಿಂದೆ ಬಂದವನನ್ನು ಕಂಡು ಆ ನಗು ಸತ್ತಿತು.

ನಿರ್ಮಾಪಕ ಬಾಗಿಲು ಮುಂದೆ ಮಾಡಿ ಚಿಲಕ ಹಾಕಿದ. ದರ್ಜಿಯ ಕೈ ಕತ್ತರಿಯತ್ತ ಹರಿಯಿತು. ನಿರ್ಮಾಪಕ ಅದಕ್ಕೂ ಮೊದಲೇ ಕತ್ತರಿಯ ಮೇಲೆ ಅಂಗೈ ಊರಿದ.

“ಇದೇ ತಾನೆ ಸಾರ್?” ಎಂದು ಪಿಸುಗುಟ್ಟಿ ಕಿವಿರಾಯ ಸಹಿಯ ಕಾಗದ ಬಿಡಿಸಿದ.

ನಿರ್ಮಾಪಕ ಕಾಗದ ನೋಡಲಿಲ್ಲ. ಕಣ್ಣು ಮುಚ್ಚಿ ಒಂದು ಸಾಲು ಪೂರ್ತಿ ಕೇಳಿದ. ಆಮೇಲೆ ಪರದೆಯ ಕಡೆ ತಿರುಗಿ ದನಿಯೆತ್ತಿ ಹೇಳಿದ:

“ಆ ಸಾಲಿನ ನಡುವೆ ಉಸಿರು ತಗೋಬಾರ್ದು ಅಂತ ನಿಂಗೆ ಎಷ್ಟು ಸಲ ಹೇಳಿದ್ದೆ?”

ರೇಡಿಯೊವನ್ನು ಯಾರೂ ಮುಟ್ಟಲಿಲ್ಲ. ಹಾಡು ಪದದ ಮಧ್ಯದಲ್ಲೇ ನಿಂತಿತು, ಅದರ ಹಿಂದೆಯೇ ಹೊಲಿಗೆ ಯಂತ್ರವೂ.