ನಿಂಡುಕುನ್ನಾಯಿ

"ಮಂದುಲು ನಿಂಡುಕುನ್ನಾಯಿ ಮೇಡಂ," ಎಂದಳು ವಿಜಯವಾಡ ಕ್ಲಿನಿಕ್ಕಿನ ನರ್ಸ್ ಝಾನ್ಸಿ, ಫೋನಿನಲ್ಲಿ. ಔಷಧಿ ತುಂಬಿದೆ ಎಂದು ತಿಳಿದ ದಾವಣಗೆರೆಯ ಹರ್ಷಿತಾ, ಕ್ಷಯದ ಮಾತ್ರೆಗಳ ಕೊನೆಯ ಪೆಟ್ಟಿಗೆಗಳನ್ನು ತಾನು ನೋಡಿಕೊಳ್ಳುವ ವಿಶಾಖಪಟ್ಟಣದ ಉಗ್ರಾಣದಿಂದ ವ್ಯಾನಿನಲ್ಲಿ ಶ್ರೀಕಾಕುಳಕ್ಕೆ ಕಳಿಸಿಬಿಟ್ಟಳು. ಅಮೆರಿಕದ ನೆರವು ನಿಂತಿತ್ತು. ಇನ್ನು ಮಾತ್ರೆ ಬರುವಂತಿರಲಿಲ್ಲ.

ಮಧ್ಯಾಹ್ನ ಈ ಮಾತು ಕೇಳಿ, ಆಂಧ್ರದಲ್ಲೇ ಹುಟ್ಟಿ ಬೆಳೆದ ಸಹೋದ್ಯೋಗಿ ನಂದೀಶ್ ಊಟ ಬಿಟ್ಟು ಎದ್ದ. "ನಿಂಡುಕುನ್ನಾಯಿ ಅಂದ್ರೆ ಮುಗಿದಿದೆ ಅಂತಂಡಿ. ಅಕ್ಕಿ ಖಾಲಿ ಅನ್ನೋದು ಇಲ್ಲಿ ಅಪಶಕುನ, ಅದಕ್ಕೆ ತುಂಬಿದೆ ಅಂತೀವಿ. ಬಳೆ ಒಡೆದ್ರೆ ನೀವು ಹೆಚ್ಚಿತು ಅಂತೀರಲ್ಲ, ಹಾಗೆ."

ಹರ್ಷಿತಾ ವ್ಯಾನಿನ ಡ್ರೈವರಿಗೆ ಫೋನ್ ಮಾಡಿದಳು. "ಆಗಲೇ ಹಂಚ್ತಿದಾರೆ ಮೇಡಂ. ಕಿತ್ಕೊಂಡು ಬರ್ಲಾ?"

"ಬೇಡ," ಎಂದಳು.

ಅಷ್ಟರಲ್ಲಿ ಝಾನ್ಸಿಯ ಫೋನ್ ಬಂತು. ವಿಜಯವಾಡಕ್ಕೆ ಮಾತ್ರೆ ತರುವ ವ್ಯಾನ್ ಎಲ್ಲಿಯವರೆಗೆ ಬಂತೆಂದು ಕೇಳಿದಳು. ರೋಗಿಗಳು ಬೆಳಿಗ್ಗೆಯಿಂದ ಕಾಯುತ್ತಿದ್ದರು. ಇಲ್ಲ ಎನ್ನುವ ತೆಲುಗು ಹರ್ಷಿತಾಳಿಗೆ ಚೆನ್ನಾಗಿ ಬರುತ್ತಿತ್ತು.

"ಲೇವು," ಎಂದಳು.